ಸದ್ದು ಮಾಡದ ಪಂಪು

ಬಾಗಿಲು ಮುಂದೆ ಮಾಡಿ ಬನ್ನಿ, ಗಾಳಿ ಬರ್ತಿದೆ. ಹಾಂ, ಕೂತ್ಕೊಳ್ಳಿ... ಇದು ಎಲ್ಲೋ ಕೇಳಿದ ಕಟ್ಟುಕತೆಯಲ್ಲ. ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ಅವನನ್ನು ಎಲ್ಲರೂ ಪಂಪಣ್ಣ ಅಂತಲೇ ಕರೆಯುವುದು. ಹೆತ್ತವರು ಇಟ್ಟ ಹೆಸರು ಅವನಿಗಾದರೂ ನೆನಪಿದೆಯೋ ಇಲ್ಲವೋ.

ಒಂದು ರಾತ್ರಿ ಎರಡನೇ ಪಾಳಿ ಮುಗಿಸಿ ಮನೆಗೆ ನಡೆದು ಬರುತ್ತಿದ್ದ. ಸ್ಮಶಾನದ ಗೋಡೆ ಪಕ್ಕದ ದಾರಿ. ದಾರಿ ತಿರುಗುವ ಮೂಲೆಯಲ್ಲಿ, ಗೋಡೆಯ ಈಚೆಗೆ, ಒಂದು ಬಾವಿ. ಬಾವಿ ಅಂದ ಕೂಡಲೇ ಹಗ್ಗ, ರಾಟೆ, ಕೊಡ ಅಂತ ಲೆಕ್ಕ ಹಾಕಬೇಡಿ. ಇದು ಎಣ್ಣೆ ಬಾವಿ. ನೆಲದೊಳಗಿನ ಕಚ್ಚಾ ಎಣ್ಣೆಯನ್ನು ಪಂಪು ಹಾಕಿ ಎತ್ತುವ ಬಾವಿ. ಇಂಥ ಬಾವಿಗಳ ಪಂಪು ನೋಡಿಕೊಳ್ಳುವುದೇ ಅವನ ಕೆಲಸ.

ಆ ಮೂಲೆಗೆ ಬಂದವನು ನಿಂತ.

ಮಗು ಅಳುತ್ತಿತ್ತು...

ಜೋರಾಗಿ ಅಲ್ಲ. ನಿದ್ದೆ ಹತ್ತದ ಮಗು ಮೂಗಿನಲ್ಲೇ ರಾಗ ಎಳೆಯುತ್ತದಲ್ಲ, ‘ಊಂ... ಊಂ... ಹ್ಞೂಂ...’ ಹಾಗೆ. ನಡುವೆ ಒಂದು ಬಿಕ್ಕು. ಮತ್ತೆ ರಾಗ.

ಪಂಪಣ್ಣ ಬೆವತುಹೋದ. ಹೆದರಿಕೆಗಲ್ಲ. ಆ ರಾಗ ಅವನಿಗೆ ಗೊತ್ತಿತ್ತು.

ಹೇಗೆ ಗೊತ್ತು ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅವನಿಗೊಬ್ಬಳು ಮಗಳಿದ್ದಳು. ಗುಬ್ಬಿ ಅಂತ ಕರೆಯುತ್ತಿದ್ದರು. ಆಗ ಅವರ ಮನೆ ಬಾವಿಯ ಬೆನ್ನಿಗೇ ಇತ್ತು, ಕಂಪನಿ ಕೊಟ್ಟ ಎರಡು ಕೋಣೆಯ ಮನೆ. ಬಾವಿಯ ಮೇಲೆ ಹಳೇ ಪಂಪು. ಚಿತ್ರದಲ್ಲಿ ನೋಡಿರುತ್ತೀರಿ, ಮನೆಯೆತ್ತರದ ಕಬ್ಬಿಣದ ಕುದುರೆ, ಹಗಲೂ ರಾತ್ರಿ ತಲೆ ಎತ್ತಿ ತಲೆ ಬಗ್ಗಿಸುತ್ತಿರುತ್ತದೆ. ಏಳುವಾಗ ‘ಕಿರ್ರ್ರ್...’ ಇಳಿಯುವಾಗ ‘ಉಸ್ಸ್...’ ತಳ ಮುಟ್ಟಿದಾಗ ‘ಢಬ್’. ನೆಂಟರು ಬಂದರೆ ಒಂದೇ ರಾತ್ರಿಗೆ ಕೈಮುಗಿದು ಹೊರಡುತ್ತಿದ್ದರು. ಗುಬ್ಬಿ ಹುಟ್ಟಿದ್ದೇ ಆ ಸದ್ದಿನಲ್ಲಿ. ಅವಳಿಗೆ ಅದೇ ಜೋಗುಳ. ರಿಪೇರಿಗೆ ಅಂತ ಪಂಪು ನಿಲ್ಲಿಸಿದ ರಾತ್ರಿ ಮಾತ್ರ ಅವಳು ಕಣ್ಣು ಮುಚ್ಚುತ್ತಿರಲಿಲ್ಲ. ಊಂ ಊಂ ಅಂತ ರಾಗ ತೆಗೆದು ಇಡೀ ಮನೆಸಾಲನ್ನೇ ಎಬ್ಬಿಸುತ್ತಿದ್ದಳು. “ನಿನ್ನ ಮಗಳಿಗೆ ತೊಟ್ಟಿಲು ಯಾಕಯ್ಯಾ, ಆ ಪಂಪ್ ಮೇಲೇ ಮಲಗಿಸು” ಅಂತ ಪಾಳಿಯವರು ನಗುತ್ತಿದ್ದರು.

ಮಾತು ಇನ್ನೂ ತೊದಲುತ್ತಿದ್ದಾಗಲೇ ಗುಬ್ಬಿ ಹೋದಳು. ಜ್ವರ. ಜ್ವರ ಅಂತ ಗೊತ್ತಾಗಿ, ಆಸ್ಪತ್ರೆಗೆ ಓಡಿ, ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇದರ ಬಗ್ಗೆ ಹೆಚ್ಚು ಹೇಳಲಾರೆ, ನನ್ನ ಕೈಯಲ್ಲಿ ಆಗುವುದಿಲ್ಲ.

ಹೂಳುವ ದಿನ ಸ್ಮಶಾನದ ಕಾವಲಿನ ಅಜ್ಜ ಒಳಗೆ ಮರದ ನೆರಳಲ್ಲಿ ಜಾಗ ತೋರಿಸಿದ. ಪಂಪಣ್ಣ ತಲೆಯಾಡಿಸಿದ.

“ಅಲ್ಲಿ ಬೇಡ ಅಜ್ಜ. ಈ ಗೋಡೆ ಬುಡದಲ್ಲೇ ಇರ್ಲಿ. ಇಲ್ಲಿಗೆ ಪಂಪು ಕೇಳ್ಸುತ್ತೆ.”

ದುಃಖಕ್ಕೆ ತಲೆ ಕೆಟ್ಟಿದೆ ಅಂತ ಜನ ಅಂದುಕೊಂಡರು. ಇರಲಿ ಪಾಪ ಅಂತ ಅಜ್ಜ ಅಲ್ಲೇ ಅಗೆದುಕೊಟ್ಟ. ಅತ್ತಿಗೆಗೆ, ಅಂದರೆ ಗುಬ್ಬಿಯ ತಾಯಿಗೆ, ಆಮೇಲೆ ಆ ಮನೆಯಲ್ಲಿ ಇರಲಾಗಲಿಲ್ಲ. ಎರಡು ಬೀದಿ ಆಚೆ ಬಾಡಿಗೆ ಮನೆ ಹಿಡಿದರು. ಅವಳು ಸ್ಮಶಾನದ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹಳೇ ಪಂಪಿನ ಮೇಲೆ ದೂರು ಬಂತು. ಗೋಡೆ ಎದೆಮಟ್ಟ, ಪಂಪು ಮನೆಯೆತ್ತರ. ಹೆಣದ ಮುಂದೆ ನಿಂತು ಮಂದಿ ಅಳುವಾಗ ಅದು ಗೋಡೆ ಮೇಲಿಂದ ಹೌದೌದು, ಹೌದೌದು ಅಂತ ತಲೆಯಾಡಿಸುತ್ತಿತ್ತು. ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? “ಬದುಕಿದ್ದಾಗಂತೂ ಇರ್ಲಿಲ್ಲ, ಸತ್ತ ಮೇಲಾದ್ರೂ ನೆಮ್ಮದಿಯಾಗಿ ಮಲಗೋದು ಬೇಡ್ವಾ?” ಅಂತ ಕೇಳಿದರು. ಕಂಪನಿಯವರಿಗೂ ಸರಿ ಅನ್ನಿಸಿತು. ಕುದುರೆಯನ್ನು ಬಿಚ್ಚಿ ಲಾರಿಗೆ ಹಾಕಿ, ಹೊಸ ಯಂತ್ರ ತಂದರು.

ಹೊಸದು ಗೋಡೆಗಿಂತ ಗೇಣುದ್ದವೂ ಮೇಲೆ ಕಾಣುವುದಿಲ್ಲ. ಬಾವಿಯ ಬಾಯಿಯ ಮೇಲೇ ನೆಟ್ಟಗೆ ಕೂರುವ ಗಿಡ್ಡ ಸಿಲಿಂಡರು. ಒಳಗಿನ ರಾಡು ಮೆಲ್ಲಗೆ ಏರಿ, ಮೇಲೆ ಒಂದು ಕ್ಷಣ ನಿಂತು, ಮೆಲ್ಲಗೆ ಇಳಿಯುತ್ತದೆ. ಮೋಟಾರಿಗೆ ದಪ್ಪ ಪೆಟ್ಟಿಗೆ. ಹಸಿರು ಬಣ್ಣ, ಸುತ್ತ ಬೇಲಿಗಿಡ. ಪಕ್ಕದಲ್ಲೇ ಹಾದುಹೋದರೂ ಅಲ್ಲೊಂದು ಬಾವಿಯಿದೆ ಅಂತ ತಿಳಿಯದು. ಸದ್ದೇ ಇಲ್ಲ. ಕಿವಿ ಹಚ್ಚಿದರೆ ಮಾತ್ರ ‘ಸುಂಯ್...’ ಅಂತ ಸಣ್ಣ ಉಸಿರು.

ಬೋಲ್ಟು ಬಿಗಿದವನು ಪಂಪಣ್ಣನೇ. ಬಿಗಿಯುವಾಗ ಮತ್ತೆ ಮತ್ತೆ ಗೋಡೆಯ ಕಡೆ ತಿರುಗಿ ನೋಡುತ್ತಿದ್ದನಂತೆ. ಆದರೆ ಯಾರ ಹತ್ತಿರ ಹೇಳುವುದು? ಸದ್ದಿಲ್ಲದಿದ್ದರೆ ನನ್ನ ಮಗಳಿಗೆ ನಿದ್ದೆ ಬರುವುದಿಲ್ಲ ಸ್ವಾಮಿ ಅಂತ ಅಧಿಕಾರಿಗಳ ಮುಂದೆ ಹೇಳಿಕೊಳ್ಳಲಾಗುತ್ತದೆಯೇ? ಸುಮ್ಮನೆ ಬಿಗಿದ.

ಅದಾದ ರಾತ್ರಿಯೇ ಈ ಅಳು.

ಮೊದಲು ಅವನು ನಂಬಲಿಲ್ಲ. ಒಳಗಿನ ರಬ್ಬರು ಸೀಲು ಸವೆದರೆ ಇಂಥ ಯಂತ್ರವೂ ಊಂ ಅನ್ನುತ್ತದೆ. ಬೇಲಿಯೊಳಗೆ ನುಗ್ಗಿ ಸಿಲಿಂಡರಿಗೆ ಕಿವಿ ಹಚ್ಚಿದ. ‘ಸುಂಯ್...’ ಅಷ್ಟೇ. ಅಳು ಬರುತ್ತಿದ್ದದ್ದು ಗೋಡೆಯಾಚೆಯಿಂದ. ಗೋಡೆಯ ಬುಡದಿಂದ. ಎಳೆದು ಎಳೆದು, ದಣಿದು...

ಕೈಲಿದ್ದ ಸ್ಪ್ಯಾನರು ಜಾರಿತು. ಬಾವಿಯ ಪೈಪಿನ ಮೇಲೆ ಬಿತ್ತು.

‘ಢಬ್’.

ಅಳು ನಿಂತಿತು. ಒಂದು ಬಿಕ್ಕು... ಆಮೇಲೆ ಏನೂ ಇಲ್ಲ. ಕಾಯುತ್ತಿರುವ ಹಾಗೆ.

ಪಂಪಣ್ಣ ಅಲ್ಲೇ ಕುಕ್ಕರಿಸಿದ. ಸ್ಪ್ಯಾನರು ಎತ್ತಿಕೊಂಡ. ಅದರ ತುದಿಯನ್ನು ಪೈಪಿನ ಮೇಲೆ ‘ಕಿರ್ರ್ರ್...’ ಅಂತ ಎಳೆದ, ಬಾಯಲ್ಲಿ ‘ಉಸ್ಸ್...’ ಅಂದ, ‘ಢಬ್’ ಅಂತ ಕುಟ್ಟಿದ. ಮತ್ತೆ. ಮತ್ತೆ. ಬೆಳಕು ಹರಿಯುವವರೆಗೂ ಕುಟ್ಟಿದ, ಅಳುತ್ತಲೇ ಕುಟ್ಟಿದ. ಮಗು ಮತ್ತೆ ಸದ್ದು ಮಾಡಲಿಲ್ಲ.

ಅವತ್ತಿನಿಂದ ಅದೇ ಕೆಲಸ. ಪಾಳಿ ಮುಗಿದ ಮೇಲೆ ಮಗಳ ಪಾಳಿ. ಅಂಗೈ ಬೊಬ್ಬೆ ಎದ್ದು ಒಡೆಯಿತು, ಕಣ್ಣು ಕೆಂಡವಾಯಿತು. ಅತ್ತಿಗೆ ಕೇಳಿದರೆ ಹೊಸ ಪಂಪು, ಕೆಲಸ ಜಾಸ್ತಿ ಅನ್ನುತ್ತಿದ್ದ. ಆದರೆ ಕಬ್ಬಿಣದ ಸದ್ದನ್ನು ಎಷ್ಟು ದಿನ ಮುಚ್ಚಿಡಲಾದೀತು? ಸದ್ದಿಲ್ಲದ ಪಂಪು ರಾತ್ರಿಯೆಲ್ಲ ಬಡಿದುಕೊಳ್ಳುತ್ತಿದೆ ಅಂತ ಕಾವಲಿನ ಅಜ್ಜನೇ ಹೋಗಿ ಹೇಳಿದ. ಸೂಪರ್‌ವೈಸರು ಬಂದು ಕಣ್ಣಾರೆ ನೋಡಿದ.

“ಏನಯ್ಯಾ ಇದು? ಸದ್ದು ಮಾಡಬಾರ್ದು ಅಂತ ಅಷ್ಟು ದೂರದಿಂದ ತಂದ್ರೆ, ನೀನು ಕೂತು ಅದಕ್ಕೆ ಸದ್ದು ಕಲಿಸ್ತಿದೀಯಾ?”

ಸೂಪರ್‌ವೈಸರು ಕೆಟ್ಟವನಲ್ಲ. ಇವನನ್ನು ಈ ಗೋಡೆಯ ಪಕ್ಕದಲ್ಲಿ ಇಟ್ಟದ್ದೇ ತಪ್ಪಾಯಿತು, ಮಗಳ ನೆನಪಿಂದ ದೂರವಿದ್ದರೆ ಸರಿಹೋಗುತ್ತಾನೆ ಅಂತ ದೂರದ ಬಾವಿಗಳಿಗೆ ವರ್ಗ ಮಾಡಿಸಿದ. ಮರುದಿನವೇ ಹೊರಡಬೇಕು.

ಅವತ್ತು ಸಂಜೆ ಅವನು ಅಡುಗೆಮನೆಯ ಹೊಸ್ತಿಲಲ್ಲಿ ಕೂತ. ಅತ್ತಿಗೆ ಅವನ ಬಟ್ಟೆ ಮಡಚುತ್ತಿದ್ದಳು.

“ಗುಬ್ಬಿ ಅಳ್ತಾಳೆ” ಅಂದ.

ಅವಳ ಕೈ ನಿಂತಿತು.

“ರಾತ್ರಿ ಹೊತ್ತು. ಪಂಪು ಕೇಳ್ಸಲ್ವಲ್ಲ, ನಿದ್ದೆ ಬರ್ತಿಲ್ಲ ಅವಳಿಗೆ. ನಾನು ಪೈಪು ಕುಟ್ಟಿ ಮಲಗಿಸ್ತೀನಿ. ನಾಳೆಯಿಂದ ನಾನಿರಲ್ಲ. ನೀನು... ನೀನು ಹೋಗಿ ಕುಟ್ಬೇಕು. ಹೇಗೆ ಅಂತ ಹೇಳ್ಕೊಡ್ತೀನಿ.”

ನಿಮಗೆ ಹುಚ್ಚು ಹಿಡಿದಿದೆ ಅನ್ನುತ್ತಾಳೆ ಅಂತ ಅವನು ಕಾದಿದ್ದ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದಳು, ತೀರಾ ಮೆಲ್ಲಗೆ.

“ಇಷ್ಟು ದಿನ ನೀವೊಬ್ರೇ ಕೇಳ್ತಿದ್ರಾ?”

“ಹೂಂ.”

“ನನ್ನ ಬಿಟ್ಟು?”

ಮಗಳ ಅಳು ಅಂದರೆ ಅವನಿಗೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗೆ. ಅದನ್ನು ಕೇಳಬೇಕು ಅಂತ ಹಂಬಲಿಸುವ ಜೀವವೊಂದು ಮನೆಯಲ್ಲೇ ಇದೆ ಅಂತ ಅವನಿಗೆ ಹೊಳೆದೇ ಇರಲಿಲ್ಲ. ಅವಳು ಶಾಲು ಹೊದ್ದು ಬಾಗಿಲಲ್ಲಿ ನಿಂತಳು.

ಮಗಳು ಮಣ್ಣಾದ ದಿನದಿಂದ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ಗೋಡೆಯ ಬುಡದ ಪುಟ್ಟ ದಿಬ್ಬದ ಮೇಲೆ ಹುಲ್ಲು ಒತ್ತಾಗಿ ಬೆಳೆದಿತ್ತು. ಅವಳು ಪಕ್ಕದಲ್ಲಿ ಕೂತಳು. ಅವನು ಗೋಡೆಯ ಈಚೆ, ಪಂಪಿನ ಹತ್ತಿರ. ಗೋಡೆಯ ಮೇಲಿಂದ ಇಣುಕಿದರೆ ಕತ್ತಲಲ್ಲಿ ಅವಳ ತಲೆಯಷ್ಟೇ ಕಾಣುತ್ತಿತ್ತು. ಅವನು ಸ್ಪ್ಯಾನರು ಎತ್ತಿ ‘ಕಿರ್ರ್ರ್...’ ಅಂತ ಎಳೆದ.

“ಬೇಡ, ನಿಲ್ಸಿ” ಅಂದಳು.

“ನಿಲ್ಸಿದ್ರೆ ಎದ್ದುಬಿಡ್ತಾಳೆ ಕಣೇ.”

“ಏಳ್ಲಿ. ಒಂದೇ ಒಂದು ಸಲ ಅಳ್ಲಿ ರೀ. ನಾನು ಕೇಳ್ಬೇಕು.”

ಅವನು ಕೈ ಇಳಿಸಿದ. ‘ಸುಂಯ್...’ ಅಂತ ಯಂತ್ರ ಉಸಿರೆಳೆಯಿತು. ಎಲ್ಲೋ ಒಂದು ಎಲೆ ಉದುರಿತು. ಆಮೇಲೆ...

‘ಊಂ... ಊಂ... ಹ್ಞೂಂ...’

“ಕೇಳಿಸ್ತಾ?”

“ಇಲ್ಲ.”

“ಈಗ?”

“ಇಲ್ಲ ರೀ...”

ಅವಳು ನೆಲಕ್ಕೆ ಕಿವಿ ಹಚ್ಚಿದಳು. ಉಸಿರು ಬಿಗಿಹಿಡಿದಳು. ಪಂಪಣ್ಣನಿಗೆ ಆ ಅಳು ಕಿವಿಯೊಳಗೇ ಕೂಗಿದ ಹಾಗಿದೆ. ಅವಳ ಕೆನ್ನೆಯ ಕೆಳಗೇ ಮಗು ಅಳುತ್ತಿದೆ. ಅವಳಿಗೆ ಒಂದು ಎಳೆಯೂ ಕೇಳದು.

“ಈಗೇನ್ ಮಾಡ್ತಿದಾಳೆ?”

“ಬಿಕ್ಕಿದ್ಳು.”

“ಅಮ್ಮ ಅಂತಿದಾಳಾ?”

ಪಂಪಣ್ಣ ಸುಳ್ಳು ಹೇಳಿ ದಕ್ಕಿಸಿಕೊಂಡವನಲ್ಲ. ಆದರೂ ಹೂಂ ಅಂದ.

“ಸುಳ್ಳು. ನಿದ್ದೆ ಬರ್ದಿದ್ರೆ ಅವಳು ಯಾವತ್ತು ನನ್ನ ಕರ್ದಿದಾಳೆ? ಪಂಪಿಗೇ ಬೈತಿದ್ಳು” ಅಂದಳು ಅತ್ತಿಗೆ. ಒಂಚೂರು ನಕ್ಕಳಂತೆ ಕೂಡ.

ಅಳು ಏರುತ್ತಿತ್ತು. ಅವನಿಗೆ ತಡೆಯಲಾಗಲಿಲ್ಲ, ಸ್ಪ್ಯಾನರಿಗೆ ಕೈ ಹಾಕಿದ. “ತಡೀರಿ” ಅಂದಳು. ಅಂಗೈಯನ್ನು ಹುಲ್ಲಿನ ಮೇಲೆ ಇಟ್ಟಳು. ತಟ್ಟತೊಡಗಿದಳು. ‘ತಟ್... ತಟ್... ತಟ್...’ ಪಂಪಿನ ಲಯವಲ್ಲ. ಬೆನ್ನು ತಟ್ಟುವ ಕೈಯ ಲಯ.

ಅಳು ತೊಡರಿತು. ಎಳೆಯಿತು. ಸಣ್ಣದಾಯಿತು.

“ಇನ್ನೂ ಅಳ್ತಿದಾಳಾ?”

“ಕಮ್ಮಿ ಆಯ್ತು.”

‘ತಟ್... ತಟ್...’

“ಈಗ?”

ಅವನು ಕಿವಿಗೊಟ್ಟ. ಒಂದು ಉದ್ದ ಉಸಿರು ಬಿಟ್ಟ ಹಾಗಾಯಿತು, ಗೋಡೆಯ ಬುಡದಲ್ಲಿ. ಅಷ್ಟೇ.

“ಮಲಗಿದ್ಳು” ಅಂದ.

ತನಗೆ ಕೇಳಿಸದ ಮಗುವನ್ನು, ಕೈಗೆ ಸಿಗದ ಮಗುವನ್ನು, ಅವಳು ಮಲಗಿಸಿದ್ದಳು. ಆಗ ಅತ್ತಳು. ಬಾಯಿಗೆ ಶಾಲು ಒತ್ತಿಕೊಂಡು, ಎಲ್ಲಿ ಮಗು ಎದ್ದುಬಿಡುತ್ತದೋ ಅಂತ ಒಂದು ಸದ್ದೂ ಮಾಡದೆ ಅತ್ತಳು. ಗೋಡೆಯ ಈಚೆ ಇವನೂ ಹಾಗೇ. ಇಬ್ಬರೂ ಅಷ್ಟು ದಿನ ಒಬ್ಬರಿಗೊಬ್ಬರು ಮುಚ್ಚಿಟ್ಟು ಅತ್ತವರೇ.

ಮೂಡಣ ತೆಳ್ಳಗೆ ಬೆಳ್ಳಗಾಗುವ ಹೊತ್ತಿಗೆ ಅವನು ಗೇಟಿನಿಂದ ಒಳಗೆ ಬಂದು ಅವಳ ಭುಜ ಮುಟ್ಟಿದ. “ಹೊರಡೋಣ.” ಅವಳು ಏಳಹೋದಳು. ಏಳಲಾಗಲಿಲ್ಲ. ಶಾಲು ಎಲ್ಲೋ ಸಿಕ್ಕಿಕೊಂಡಿತ್ತು.

ಮುಳ್ಳು ಇರಬೇಕು ಅಂತ ಅವನು ಬಗ್ಗಿ ಟಾರ್ಚು ಹಾಕಿದ. ಮುಳ್ಳೂ ಇಲ್ಲ, ಬೇರೂ ಇಲ್ಲ. ಶಾಲಿನ ಒಂದು ಮೂಲೆ ಮಣ್ಣಿನೊಳಗೆ ಹೋಗಿತ್ತು. ಮಣ್ಣು ಕೆದರಿರಲಿಲ್ಲ. ಸುತ್ತ ಹುಲ್ಲು ನೆಟ್ಟಗೆ ನಿಂತಿತ್ತು. ಅವನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದ. ಬರಲಿಲ್ಲ. ಇನ್ನೊಂಚೂರು ಎಳೆದ. ಒಳಗಿನಿಂದ ಅಷ್ಟೇ ಮೆಲ್ಲಗೆ... ಬಿಗಿಯಾಯಿತು.

“ಎಳೀಬೇಡಿ” ಅಂದಳು ಅತ್ತಿಗೆ. ಅವಳ ಮುಖ ನೋಡಬೇಕಿತ್ತು ಅಂತಾನೆ ಅವನು ಈಗಲೂ. “ಈಗಷ್ಟೇ ಕಣ್ಣು ಹತ್ತಿದೆ. ಎದ್ದುಬಿಡ್ತಾಳೆ.”

ಪಂಪಣ್ಣನ ಜೇಬಿನಲ್ಲಿ ವಾಷರು ಕತ್ತರಿಸುವ ಚಾಕು ಇತ್ತು. ಅವಳೇ ಇಸಕೊಂಡು, ಮೂಲೆಯನ್ನು ಮಣ್ಣಿನ ಅಂಚಿಗೆ ಕೊಯ್ದು, ಎದ್ದು ಬಂದಳು. ಹಿಂದಿರುಗಿ ನೋಡಲಿಲ್ಲ.

ಆಮೇಲೆ ಆ ಗೋಡೆಯ ಹತ್ತಿರ ಯಾರೂ ಏನೂ ಕೇಳಿಲ್ಲ. ಅಜ್ಜನನ್ನೂ ವಿಚಾರಿಸಿದ್ದೇನೆ. ಪಂಪು ಈಗಲೂ ಹಾಗೇ, ಸದ್ದಿಲ್ಲದೆ ಏರುತ್ತದೆ, ಇಳಿಯುತ್ತದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅವತ್ತು ಊರು ಬಿಡುವ ಮುಂಚೆ ಪಂಪಣ್ಣ ಹಗಲು ಬೆಳಕಿನಲ್ಲಿ ಇನ್ನೊಮ್ಮೆ ಹೋಗಿ, ಮಂಡಿಯೂರಿ, ಆ ಜಾಗವನ್ನೆಲ್ಲ ಕೈಯಾರೆ ಸವರಿ ನೋಡಿದ್ದಾನೆ. ಕೊಯ್ದ ಬಟ್ಟೆಯ ಅಂಚು ಎಲ್ಲೂ ಕಾಣಲಿಲ್ಲ. ಒಂದು ನೂಲೂ ಇರಲಿಲ್ಲ. ಹುಲ್ಲು ಇತ್ತು, ಅಷ್ಟೇ.