ಚಾರ್ಟಿಗೆ ಹದಿನಾಲ್ಕು, ಸ್ಲ್ಯಾಬಿಗೆ ಒಂಬತ್ತು

ದರ್ಜಿ ಹೆಂಗಸು ಕಂಡವರ ಮಾತಿಗೆ ಕಿವಿಗೊಡುವವಳಲ್ಲ. ಆದರೆ ಬಸ್ಸಿನಲ್ಲಿ ಕಿವಿಗೆಲ್ಲಿಯ ಬಾಗಿಲು? ಮುಂದಿನ ಸೀಟಿನಲ್ಲಿ ಒಬ್ಬ ಮೇಸ್ತ್ರಿ. ಪಕ್ಕದಲ್ಲಿ, ಜೇಬಿಗೆ ಹಸಿರು ಪೆನ್ನು ಸಿಕ್ಕಿಸಿಕೊಂಡು, ಯಾವ ದಿನ ಯಾವ ಕೆಲಸ ಎಂಬ ಚಾರ್ಟನ್ನು ತೊಡೆಯ ಮೇಲೆ ಹರಡಿಕೊಂಡ ಇಂಜಿನಿಯರ್.

"ಮೇಸ್ತ್ರಿ, ಮೂರನೇ ಮಹಡಿ ಸ್ಲ್ಯಾಬಿಗೆ ಹದಿನಾಲ್ಕು ದಿನ ತುಂಬ್ತು. ಇವತ್ತು ಆಸರೆ ಕಂಬ ಬಿಚ್ಚೋದು."

"ಎಲ್ಲಿ ತುಂಬ್ತು ಸಾರ್? ಮಿಕ್ಸರ್ ಕೆಟ್ಟು, ಕಾಂಕ್ರೀಟ್ ಹಾಕಿದ್ದೇ ಐದು ದಿನ ತಡವಾಗಿ. ನಿಮ್ಮ ಚಾರ್ಟಿಗೆ ಹದಿನಾಲ್ಕು, ಸ್ಲ್ಯಾಬಿಗೆ ಒಂಬತ್ತೇ. ಈಗ ಕಂಬ ಬಿಚ್ಚಿದ್ರೆ ಕುಸಿದು ಬೀಳುತ್ತೆ."

ಇಂಜಿನಿಯರ್ ಚಾರ್ಟಿನ ಚೌಕಗಳ ಮೇಲೆ ಬೆರಳೋಡಿಸಿದ.

"ತಾರೀಖು ತಿದ್ದೋದೇ ಮರೆತೆ."

"ಹೋಗ್ಲಿ ಬಿಡಿ. ನಾನು ಹೋಗೋವರೆಗೂ ಯಾರೂ ಮುಟ್ಟಲ್ಲ."

"ಬೆಳಿಗ್ಗೇನೇ ನಿಮ್ಮ ತಮ್ಮನಿಗೆ ಫೋನ್ ಮಾಡಿ, ಆಳುಗಳನ್ನ ಕರ್ಕೊಂಡು ಶುರು ಮಾಡು ಅಂದ್ಬಿಟ್ಟೆ."

ಮೇಸ್ತ್ರಿ ಫೋನನ್ನು ಕಿವಿಗೊತ್ತಿಕೊಂಡ.

"ಎತ್ತುತ್ತಿಲ್ಲ."

"ಇನ್ನೊಂದ್ಸಲ ಮಾಡಿ."

"ಸುತ್ತಿಗೆ ಸದ್ದಲ್ಲಿ ಅವನಿಗೆಲ್ಲಿ ಕೇಳ್ಬೇಕು ಸಾರ್! ಡ್ರೈವರಣ್ಣಾ, ನಿಲ್ಸಿ! ನಿಲ್ಸಿ!"

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಬ್ಬರೂ ಧುಮುಕಿ, ಎದ್ದೆವೋ ಬಿದ್ದೆವೋ ಎಂದು ಪಕ್ಕದ ಬೀದಿಯ ಕಟ್ಟಡದತ್ತ ಓಡಿದರು. ಚಾರ್ಟು ಸೀಟಿನ ಕೆಳಗೆ ಬಿದ್ದಿತ್ತು. ಅವಳು ಎತ್ತಿ ನೋಡಿದಳು. ಇವತ್ತಿನ ತಾರೀಖಿನ ಚೌಕದಲ್ಲಿ, ಹಸಿರು ಶಾಯಿಯಲ್ಲಿ, 'ಕಂಬ ಬಿಚ್ಚಿದ್ದಾಯಿತು' ಎಂದು ಆಗಲೇ ಬರೆದಿತ್ತು.