ಮೆತ್ತನೆಯ ಬ್ರಶ್ಶು, ಒತ್ತುವ ಕೈ

ನಿಮ್ಮೂರಿನಂಥದೇ ಒಂದೂರು ಅಂತ ತಿಳಿಯಿರಿ. ಅಲ್ಲೊಬ್ಬ ಸಾಹುಕಾರ, ಹತ್ತಿ ಮಿಲ್ಲಿನ ಧಣಿ. ಕೋಣೆ ತುಂಬುವಷ್ಟು ಹತ್ತಿಯನ್ನು ಒತ್ತಿ ಒತ್ತಿ ಒಂದು ಬಿಗಿ ಮೂಟೆ, ಅಂದರೆ ಅಂಡಿಗೆ, ಕಟ್ಟುವುದು ಅವನ ಕಸುಬು. ಹೀಗಾಗಿ ಅವನಿಗೆ ಗೊತ್ತಿದ್ದದ್ದು ಒಂದೇ ಮಂತ್ರ: ಒತ್ತು. ಹತ್ತಿ ಬಗ್ಗಲಿಲ್ಲವೇ? ಒತ್ತು. ಆಳು ಬಗ್ಗಲಿಲ್ಲವೇ? ಒತ್ತು. ಹೆಂಡತಿ ಎದುರು ಮಾತಾಡಿದಳೇ? ಇನ್ನಷ್ಟು ಒತ್ತು! ನಗುತ್ತೀರಿ, ನಗಿ. ನಿಮ್ಮ ಮನೆಯವರು ಯಾಕೆ ನಗುತ್ತಿಲ್ಲ, ಅದನ್ನೂ ಸ್ವಲ್ಪ ನೋಡಿ.

ಇವನ ತಂದೆಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಗ ಕೊರತೆ ಮಾಡಿದನೇ? ಇಲ್ಲ. ಡಾಕ್ಟರು ಬಂದರು, ಆಳು ಬಂದ, ಬೆಲೆಬಾಳುವ ಹಾಸಿಗೆ ಬಂತು. ಬಾರದವನು ಮಗ ಒಬ್ಬನೇ. ಬಾಗಿಲಲ್ಲಿ ನಿಂತು, "ಅಪ್ಪಾ, ಆರಾಮ?" ಅಂದವನೇ ಮಿಲ್ಲಿಗೆ ಓಡುತ್ತಿದ್ದ. ಮಗ ಬಂದು ಪಕ್ಕದಲ್ಲಿ ಕೂಡಲಿ ಅಂತ ಮುದುಕನ ಆಸೆ. ಯಾರಿಗೆ ಹೇಳಬೇಕು? ದಾಡಿ ಮಾಡಿಸಿಕೊಳ್ಳುವುದನ್ನೇ ಬಿಟ್ಟ.

ಮೊಮ್ಮಗಳ ಮದುವೆಯ ಮುಂಜಾನೆ. ಬಾಗಿಲಲ್ಲಿ ಬ್ಯಾಂಡು, ಹಂದರದಲ್ಲಿ ಬೀಗರು. ಮುದುಕ ಮಾತ್ರ ಹಾಸಿಗೆ ಬಿಟ್ಟು ಏಳಲಿಲ್ಲ.

"ಈ ಸೂತಕದ ಗಡ್ಡದ ಮಾರಿ ಹೊತ್ತು ನಾ ಹಂದರಕ್ಕ ಬರಾಂಗಿಲ್ಲ."

"ಈಗ ಕ್ಷೌರದವನ್ನ ಕರಸ್ತೀನಿ, ಬಿಡಪ್ಪ."

"ಯಾರೂ ಬ್ಯಾಡ. ನೀ ಮಾಡಿದ್ರ ಮಾಡಿಸ್ಕೋತೀನಿ."

ಒಳಗಿಂದ ಮದುಮಗಳ ದನಿ: "ಅಕ್ಕಿಕಾಳು ಹಾಕಾಕ ಅಜ್ಜ ಬರದ ಹೊರತು ನಾ ಹಸೆಮಣಿ ಮ್ಯಾಲ ಕೂಡಾಂಗಿಲ್ಲ!"

ಈಗೇನು ಮಾಡಬೇಕು? ಬೀಗರ ಮುಂದೆ ಮಾನ ಹೋಗುವ ಹೊತ್ತು. ಸಾಹುಕಾರ ಹೊಸ ಬ್ರಶ್ ತರಿಸಿದ. ಮೊಲದ ಮೈಯಂಥ ಮೆತ್ತನೆಯ ಕೂದಲು. ತಂಬಿಗೆಯಲ್ಲಿ ಅದ್ದಿದ, ನೀರು ಸೋರುತ್ತಿರುವಾಗಲೇ ಸೋಪಿನ ಮೇಲೆ ಇಟ್ಟು ಒತ್ತಿದ. ಕೂದಲು ಅಂಗಾತ ಬಿತ್ತು. ನೊರೆ ಇಲ್ಲ. ಮತ್ತೆ ನೀರು ಹಾಕಿದ, ಮತ್ತೆ ಒತ್ತಿದ. ನೊರೆ ಬರದಿದ್ದರೂ ಹಾಗೇ ಅಪ್ಪನ ಕೆನ್ನೆಗೆ ಒತ್ತಿ ತಿಕ್ಕಿದ. ಬಿಳಿ ನೀರು ಗದ್ದದಿಂದ ಧೋತರದ ಮೇಲೆ ಇಳಿಯಿತು.

"ಲೇ, ಇದು ನಿಮ್ಮಪ್ಪನ ಮಾರಿ, ಹತ್ತಿ ಅಂಡಿಗಿ ಅಲ್ಲ!"

"ಬ್ರಶ್ಶೇ ಸರಿ ಇಲ್ಲಪ್ಪ. ಜೀವಾನ ಇಲ್ಲ ಇದರಾಗ."

ನೋಡಿ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮುದುಕ ಎಡಗೈ ಚಾಚಿ ಮಗನ ಮುಂಗೈ ಹಿಡಿದ. "ಮೊದಲ ಬ್ರಶ್ಶ ಝಾಡಸು. ಅಷ್ಟು ನೀರಿದ್ರ ಬುರುಗು ಹೆಂಗ ಬರ್ತದ? ಹಾಂ. ಈಗ ತುದಿ ಅಷ್ಟ ಸೋಪಿಗೆ ತಾಗಲಿ. ತಿರುವು. ಒತ್ತಬ್ಯಾಡ. ಮೆತ್ತನ್ನ ಕೂದಲಾ ಒತ್ತಿದ್ರ ಮಕ್ಕೊಂಡಬಿಡ್ತಾವ."

ಹೊರಗಿನಿಂದ ಭಾವಮೈದುನ ಕೂಗಿದ, "ಭಾವಾ, ಮುಹೂರ್ತ ಮೀರಾಕತ್ತೈತಿ!" ಸಾಹುಕಾರನ ಕೈ ಒತ್ತಲು ಚಡಪಡಿಸಿತು. ಆದರೆ ಆ ಕೈಯ ಮೇಲೆ ಅಪ್ಪನ ಕೈ ಇತ್ತು. ಆ ಕೈ ತನ್ನನ್ನು ಹಿಡಿದು ಎಷ್ಟು ಕಾಲವಾಯಿತು? ಅವನಿಗೆ ನೆನಪಾಗಲಿಲ್ಲ. ಕೈ ಹಗುರಾಯಿತು. ತಿರುವಿದ, ತಿರುವಿದ, ತಿರುವುತ್ತಲೇ ಇದ್ದ. ಮೊದಲು ತೆಳ್ಳಗೆ ಗುಳ್ಳೆ. ಅಪ್ಪ ಅಂದಂತೆ ಒಂದೆರಡು ಹನಿ ನೀರು ತಾಗಿಸಿ ಮತ್ತೆ ತಿರುವಿದ. ಬಂತು ನೋಡಿ ಬುರುಗು! ಆಗತಾನೇ ಕರೆದ ಎಮ್ಮೆ ಹಾಲಿನ ನೊರೆಯಂತೆ ದಪ್ಪಗೆ, ಬೆಳ್ಳಗೆ ಉಬ್ಬಿ ಬಂತು!

"ಅಪ್ಪಾ, ಬಂತಪ್ಪಾ!" ಅಂತ ಮಿಲ್ಲಿನ ಧಣಿ ಕೂಗಿಬಿಟ್ಟ. ಬುರುಗು ಹಚ್ಚಿದ ಕೆನ್ನೆಯ ಮೇಲೆ ಕ್ಷೌರದ ಕತ್ತಿ ಜಾರಿಕೊಂಡು ಹೋಯಿತು, ಒಂದು ಗೀರೂ ಬೀಳಲಿಲ್ಲ. ಗಡ್ಡದ ಕೆಳಗೆ ಸಣ್ಣಗಾಗಿದ್ದ ಅಪ್ಪನ ಮುಖವನ್ನು ಅವನು ಅಂದೇ ಕಂಡ. ಕಂಡು ಅತ್ತ, ನಾಚಿಕೆ ಬಿಟ್ಟು ಅತ್ತ.

ಮಗನ ಹೆಗಲು ಹಿಡಿದು ಮುದುಕ ಹಂದರಕ್ಕೆ ಬಂದಾಗ ಬೀಗರೆಲ್ಲ ಎದ್ದು ನಿಂತರು. ಬ್ಯಾಂಡಿನವರು ಯಾರೂ ಹೇಳದೆಯೇ ಬಾರಿಸಿದರು. ಎಡಗೈಯಿಂದ ಬಿದ್ದ ಮೊದಲ ಅಕ್ಕಿಕಾಳು ಮೊಮ್ಮಗಳ ತಲೆಯ ಮೇಲೆ!

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಯಾರನ್ನು ಒತ್ತುತ್ತಿದ್ದೀರಿ? ಓದದ ಮಗನನ್ನೋ? ಮಾತು ನಿಲ್ಲಿಸಿದ ಸೊಸೆಯನ್ನೋ? ಒತ್ತಿ, ಬಗ್ಗದಿದ್ದಾಗ ಅವರದೇ ತಪ್ಪು ಅನ್ನುತ್ತೀರಲ್ಲ! ನಾಳೆ ಮುಂಜಾನೆ ಬಾಗಿಲಲ್ಲಿ ನಿಂತು "ಆರಾಮ?" ಅನ್ನಬೇಡಿ. ಒಳಗೆ ಹೋಗಿ, ಪಕ್ಕದಲ್ಲಿ ಕೂಡಿ. ದನಿ ಇಳಿಸಿ ಒಂದು ಮಾತಾಡಿ, ಉತ್ತರ ಬರದಿದ್ದರೂ ಕೂತಿರಿ. ಮರುದಿನ ಮತ್ತೆ ಕೂಡಿ. ಮೆತ್ತಗಿನ ಜೀವ ನಿಮ್ಮ ಬಲಕ್ಕೆ ಏಳುವುದಿಲ್ಲ, ನಿಮ್ಮ ತಾಳ್ಮೆಗೆ ಏಳುತ್ತದೆ. ಎದ್ದೇ ಏಳುತ್ತದೆ!