ಗರಗಸದ ಮುಚ್ಚಳ

ಅರವತ್ಮೂರನೇ ಇಸವಿಯ ಒಂದು ಬೆಳಿಗ್ಗೆ ಗೋಪಾಲಮ್ಮ ಸೊಪ್ಪಿನ ಮಂಕರಿಯನ್ನು ತೊಡೆಯ ಮೇಲಿಟ್ಟುಕೊಂಡು ಮಾಕಳಿಯಿಂದ ಯಶವಂತಪುರಕ್ಕೆ ಹೊರಟ ಬಸ್ಸಿನಲ್ಲಿ ಕೂತಿದ್ದಳು. ಮುಂದಿನ ಸೀಟಿನಲ್ಲಿ ಗಂಡ ಹೆಂಡತಿ. ಗಂಡನಿಗೆ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸವೆಂದು ಅವರ ಮಾತಿನಿಂದಲೇ ತಿಳಿಯಿತು.

“ನಿನ್ನೆ ಅಂಗಿ ತೋಳು ಹರಿದಿದ್ದು ಮೊಳೆಗಲ್ಲ, ನಿಜ ಹೇಳಿ.”

“ಗರಗಸ ಎಳ್ಕೊಂಡ್ತು ಕಣೆ ಅಂಜನಮ್ಮ.”

“ಅದರ ಮೇಲೆ ತಗಡಿನ ಮುಚ್ಚಳ ಐತೆ ಅಂದಿದ್ರಿ?”

“ಮೇಸ್ತ್ರಿ ಹೇಳಿದ ಅಂತ ಬಿಚ್ಚಿಟ್ಟಿದೀವಿ. ಅದಿದ್ರೆ ಕೊಯ್ಯಕ್ಕೆ ಮರದ ಮೇಲೆ ಎಳೆದಿರೋ ಗೀಟು ಕಾಣಕ್ಕಿಲ್ಲ, ಕೆಲಸ ನಿಧಾನ ಆಯ್ತದೆ.”

“ಬೆರಳು ಹೋದ್ಮೇಲೆ ಗೀಟು ಕಂಡು ಏನ್ಮಾಡ್ತೀರಿ?”

ಗೋಪಾಲಮ್ಮನಿಗೆ ತನ್ನ ಬೆರಳುಗಳೇ ಜುಮ್ಮೆಂದವು. ಮಂಕರಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ನಂಗೂ ಹೆದ್ರಿಕೆನೇ,” ಅಂದ ಅವನು, ದನಿ ಇಳಿಸಿ. “ಮೊನ್ನೆ ಮರ ಗರಗಸದ ಹಲ್ಲಿಗೆ ಸಿಕ್ಕಿ ಹಿಂದಕ್ಕೆ ಎಗರ್ತು. ಹೊಟ್ಟೆಗೆ ಬಡಿದಿದ್ರೆ ಮುಗೀತಿತ್ತು.”

“ಮುಚ್ಚಳ ಹಾಕ್ಸಿ ಅಂತ ಮೇಸ್ತ್ರಿಗೆ ಹೇಳಿ.”

“ನಗ್ತಾನೆ.”

“ನಗ್ಲಿ. ಹಾಕೋವರ್ಗೂ ನೀವು ಅದ್ರ ಹತ್ರ ನಿಲ್ಬೇಡಿ. ಈವತ್ತು ನಾನೂ ಬರ್ತೀನಿ.”

“ಹೆಂಗಸು ಅಲ್ಲಿಗ್ಯಾಕೆ? ನೀನು ಮಾರ್ಕೆಟ್ಟಿಗೆ ಹೋಗು.”

“ಮುಚ್ಚಳ ಹಾಕೋದನ್ನ ಕಣ್ಣಾರೆ ನೋಡಿ ಹೋಗ್ತೀನಿ.”

ಮಿಲ್ಲಿನ ಮುಂದೆ ಇಬ್ಬರೂ ಇಳಿದರು. ಒಳಗೆ ಗರಗಸ ಆಗಲೇ ಕಿರುಚುತ್ತಿತ್ತು. ಆ ಸದ್ದಿಗೆ ಗಂಡ ಗೇಟಿನ ಹತ್ತಿರವೇ ನಿಂತುಬಿಟ್ಟ. ಬಸ್ಸು ಹೊರಡುವಾಗ ಗೋಪಾಲಮ್ಮ ಕಿಟಕಿಯಿಂದ ಕತ್ತು ಚಾಚಿ ನೋಡಿದಳು. ಅಂಜನಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಅವನನ್ನು ದಾಟಿ ಒಳಗೆ ನಡೆದಿದ್ದಳು.